ಲೇಖನ ಫ್ಲಾರೆನ್ಸಿನಿಂದ ಆರಂಭವಾಗಲಿ: ಯುವ ಬರಹಗಾರರಿಗೊಂದು ಪತ್ರ

ಪ್ರಿಯ ಮಿತ್ರರೆ,

ಇಟಲಿಯ ಪತ್ರಿಕೆಗಳು ಅಮೆರಿಕದ ಸಾಹಸ ಚಿತ್ರಕಥೆಗಳನ್ನು ಮರುಮುದ್ರಿಸಿದ ಬಗ್ಗೆ ನೀವು ಬರೆದ ಲೇಖನದ ಕರಡನ್ನು ಎರಡು ಸಲ ಓದಿದೆ. ಫ್ಲಾಶ್ ಗಾರ್ಡನ್‌ನ ಚಿತ್ರಕಾರ ಅಲೆಕ್ಸ್ ರೇಮಂಡ್ ಮತ್ತು ಫ್ಯಾಂಟಮ್‌ನ ಕಥೆಗಾರ ಲೀ ಫಾಕ್ ಅವರ ಬದುಕಿಗೆ ಅರ್ಧ ಲೇಖನವನ್ನೇ ಕೊಟ್ಟಿದ್ದೀರಿ; ಅವರ ಕಥೆಗಳನ್ನು ಇಟಲಿಯಲ್ಲಿ ಅಚ್ಚುಹಾಕಿದವರು ಒಂದು ಸಾಲಿನಲ್ಲಿ ಬಂದು ಮರೆಯಾಗುತ್ತಾರೆ. ನಿಮ್ಮ ವಿಷಯ ಮರುಮುದ್ರಣವಾದ್ದರಿಂದ ಲೇಖನ ಇಟಲಿಯ ಫ್ಲಾರೆನ್ಸ್ ನಗರದಿಂದ ಆರಂಭವಾಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಆ ಊರಿನ ನೆರ್ಬಿನಿ ಪ್ರಕಾಶನವು 1934ರ ಅಕ್ಟೋಬರ್ 14ರಂದು 'ಲಾವೆಂತುರೋಸೊ' ಎಂಬ ವಾರಪತ್ರಿಕೆಯನ್ನು ಹೊರತಂದು, ಅದೇ ವರ್ಷದ ಜನವರಿಯಲ್ಲಷ್ಟೇ ಅಮೆರಿಕದಲ್ಲಿ ಶುರುವಾಗಿದ್ದ ಫ್ಲಾಶ್ ಗಾರ್ಡನ್ ಎಂಬ ಬಾಹ್ಯಾಕಾಶ ಸಾಹಸದ ಕಥೆಯನ್ನು ಬಣ್ಣದಲ್ಲಿ ಮುಖಪುಟಕ್ಕೇ ಹಾಕಿತು. ಇದೆಷ್ಟು ಎದೆಗಾರಿಕೆಯ ಕೆಲಸವೆಂದು ಓದುಗರಿಗೆ ತಿಳಿಯಬೇಕಾದರೆ, ಅಲ್ಲಿಯ ಮಕ್ಕಳು ಅದುವರೆಗೆ ಏನನ್ನು ನೋಡುತ್ತಿದ್ದರೆಂದು ಮೊದಲು ಹೇಳಬೇಕು. 1908ರಿಂದ ಬರುತ್ತಿದ್ದ 'ಕೊರ್ರಿಯೆರೆ ದೇಯಿ ಪಿಕ್ಕೊಲಿ' ಎಂಬ ಮಕ್ಕಳ ಪತ್ರಿಕೆ ಅಮೆರಿಕದ ಚಿತ್ರಗಳನ್ನು ಬಳಸಿದರೂ, ಮಾತಿನ ಗುಳ್ಳೆಗಳನ್ನು ಅಳಿಸಿ ಪ್ರತಿ ಚಿತ್ರದ ಕೆಳಗೆ ಪ್ರಾಸದ ಸಾಲುಗಳನ್ನು ಕೊಡುತ್ತಿತ್ತು. ಅಂಥ ಪುಟದಲ್ಲಿ ಪಾತ್ರಗಳು ಮಾತಾಡುವುದಿಲ್ಲ, ಬೇರೆ ಯಾರೋ ಅವರ ಕಥೆಯನ್ನು ಹೇಳುತ್ತಾರೆ. ನೆರ್ಬಿನಿಯ ಪುಟದಲ್ಲಿ ಗಾರ್ಡನ್ ತನ್ನ ಬಾಯಿಂದಲೇ ಮಾತಾಡಿದ.

ಪುಟವನ್ನೇ ಹೀಗೆ ದಿಟ್ಟಿಸಿ ನೋಡುವ ಅಭ್ಯಾಸವನ್ನು ದಯವಿಟ್ಟು ಬೆಳೆಸಿಕೊಳ್ಳಿ. ಫ್ಯಾಂಟಮ್‌ನನ್ನು ತೆಗೆದುಕೊಳ್ಳಿ: 1936ರಲ್ಲಿ ದಿನಪತ್ರಿಕೆಗಳಲ್ಲಿ ಕಪ್ಪುಬಿಳುಪಾಗಿ ಹುಟ್ಟಿದ ಅವನಿಗೆ ಅಮೆರಿಕದಲ್ಲಿ ನೇರಳೆ ಉಡುಪು ಬಂದದ್ದು 1939ರ ಭಾನುವಾರದ ಪುಟಗಳಲ್ಲಿ, ಇಟಲಿಯ ಓದುಗರಿಗೆ ಮಾತ್ರ ಅವನು ಕೆಂಪು ಉಡುಪಿನ 'ಮುಸುಕಿನ ಮನುಷ್ಯ'. ಮರುಮುದ್ರಣ ಮಾಡುವವರು ಎಲ್ಲೆಡೆಯೂ ಹೀಗೆ ಕೈಯಾಡಿಸಿದ್ದಾರೆ. ನಮ್ಮ ಇಂದ್ರಜಾಲ ಕಾಮಿಕ್ಸ್ ಕೂಡ ಅವನ ಕಾಲ್ಪನಿಕ ದೇಶವಾದ ಬಂಗಲ್ಲಾವನ್ನು ಡೆಂಕಾಲಿಯಾಗಿಸಿತ್ತೆಂಬುದು ನಿಮ್ಮ ಓದುಗರಲ್ಲಿ ಹಲವರಿಗೆ ನೆನಪಿರಬಹುದು.

ನನಗೆ ನಿಜಕ್ಕೂ ನೋವಾದದ್ದು 1938ರ ನಿಷೇಧವನ್ನು ನೀವು ಎರಡೇ ಸಾಲಿನಲ್ಲಿ ದಾಟಿಬಿಟ್ಟದ್ದಕ್ಕೆ. ಮುಸೊಲಿನಿಯ ಜನಸಂಸ್ಕೃತಿ ಸಚಿವಾಲಯ ಅಮೆರಿಕದ ಚಿತ್ರಕಥೆಗಳನ್ನು ಹೊರಹಾಕಿದರೂ ಡಿಸ್ನಿಯ ಮಿಕ್ಕಿಗೆ ಕೆಲವು ವರ್ಷ ವಿನಾಯಿತಿ ಕೊಟ್ಟಿತು. 'ಲಾವೆಂತುರೋಸೊ' ತನ್ನ ನಾಯಕರನ್ನು ಕಳೆದುಕೊಂಡು ಸ್ವದೇಶಿ ಕಥೆಗಳ ಬಲದಿಂದ ಮುಂದುವರಿಯಬೇಕಾಯಿತು. ಒಂದು ಸರ್ಕಾರ ಮಕ್ಕಳ ವಾರಪತ್ರಿಕೆಗೆ ಏಕೆ ಅಂಜಿತು ಎಂಬ ಪ್ರಶ್ನೆ ನಿಮ್ಮ ಲೇಖನದ ಜೀವ. ನಿಷೇಧಕ್ಕೆ ಮುಂಚಿನದೊಂದು, ಅನಂತರದ್ದೊಂದು ಸಂಚಿಕೆಯನ್ನು ಪಕ್ಕಪಕ್ಕದಲ್ಲಿಟ್ಟು, ಯಾರ ಜಾಗಕ್ಕೆ ಯಾರು ಬಂದರು, ಶತ್ರುವಿನ ವೇಷ ಹೇಗೆ ಬದಲಾಯಿತು ಎಂಬುದನ್ನು ಕಂಡಂತೆಯೇ ವಿವರಿಸಿ, ಆ ಭಾಗ ಸೇರಿದ ಕರಡನ್ನು ನನಗೆ ಮತ್ತೆ ಕಳುಹಿಸಿಕೊಡಿ.

ಪ್ರೀತಿಯಿಂದ,
ನಿಮ್ಮ ಹಿರಿಯ ಓದುಗ