ಒಂದೇ ಎಸೆತ, ಮೂರು ಔಟ್

ಪ್ರಿಯ ರಾಘು,

ಕ್ರಿಕೆಟ್‌ನಲ್ಲಿ ಒಂದು ಎಸೆತಕ್ಕೆ ಒಂದೇ ವಿಕೆಟ್, ಬೇಸ್‌ಬಾಲ್‌ನಲ್ಲೂ ಹಾಗೇನಾ ಅಂತ ಕೇಳಿದ್ದೆಯಲ್ಲ. ಇಲ್ಲ ಮಾರಾಯ, ಅಲ್ಲಿ ಮೂವರೂ ಹೋಗಬಹುದು. ಅಮೆರಿಕದ ಬೇಸ್‌ಬಾಲ್‌ನ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್‌ನಲ್ಲಿ ಅಂಥ ಟ್ರಿಪಲ್ ಪ್ಲೇ ಆಗಿರುವುದು ಒಂದೇ ಸಲ. ಅದನ್ನೂ ಒಬ್ಬನೇ ಫೀಲ್ಡರ್ ಮುಗಿಸಿಬಿಟ್ಟ.

1920ರ ಅಕ್ಟೋಬರ್ 10, ಕ್ಲೀವ್‌ಲ್ಯಾಂಡಿನ ಲೀಗ್ ಪಾರ್ಕ್. ಐದನೇ ಪಂದ್ಯದ ಐದನೇ ಇನ್ನಿಂಗ್ಸ್, ಬ್ರೂಕ್ಲಿನ್ 7-0 ಹಿಂದಿತ್ತು. ಓಡುವವರು ನಿಲ್ಲುವ ಬೇಸ್‌ಗಳಲ್ಲಿ ಬ್ರೂಕ್ಲಿನ್‌ನ ಇಬ್ಬರಿದ್ದರು: ಎರಡನೆಯದರಲ್ಲಿ ಪೀಟ್ ಕಿಲ್ಡಫ್, ಮೊದಲನೆಯದರಲ್ಲಿ ಆಟೊ ಮಿಲ್ಲರ್. ಬ್ಯಾಟ್ ಹಿಡಿದಿದ್ದ ಬ್ರೂಕ್ಲಿನ್‌ನ ಪಿಚರ್ (ಚೆಂಡು ಎಸೆಯುವವ) ಕ್ಲಾರೆನ್ಸ್ ಮಿಚೆಲ್ ಚೆಂಡನ್ನು ಜೋರಾಗಿ ಬಾರಿಸಿದ್ದೇ ತಡ, ಇಬ್ಬರೂ ಓಟ ಕಿತ್ತರು. ಎರಡನೇ ಬೇಸ್ ಕಾಯುವ ಕ್ಲೀವ್‌ಲ್ಯಾಂಡಿನ ಸೆಕೆಂಡ್ ಬೇಸ್‌ಮನ್ ಬಿಲ್ ವಾಂಬ್ಸ್‌ಗ್ಯಾನ್ಸ್ ಹಾರಿ ಹಿಡಿದ, ಮಿಚೆಲ್ ಔಟ್. ಹಾರಿದ ಭರ ಅವನನ್ನು ಎರಡನೇ ಬೇಸ್ ಕಡೆಗೇ ಒಯ್ದಿತು. ಅದನ್ನು ತುಳಿದ, ಕ್ಯಾಚ್ ಆದ ಮೇಲೆ ಅಲ್ಲಿಗೇ ಮರಳಬೇಕಿದ್ದರೂ ಮೂರನೆಯದರ ಕಡೆ ಓಡುತ್ತಿದ್ದ ಕಿಲ್ಡಫ್ ಔಟ್. ಅಲ್ಲಿಂದ ಚೆಂಡು ಎಸೆಯೋಣ ಅಂತ ತಿರುಗಿದರೆ, ಮಿಲ್ಲರ್ ಎದುರಿಗೇ ಬಾಯಿ ಬಿಟ್ಟುಕೊಂಡು ನಿಂತಿದ್ದಾನೆ! ಹೋಗಿ ಚೆಂಡಿನಿಂದ ಮುಟ್ಟಿದ, ಅಷ್ಟೆ, ಮೂರನೇ ಔಟ್. ಏನಾಯಿತೆಂದು ಪ್ರೇಕ್ಷಕರಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಪಾಪ, ಮಿಚೆಲ್ ಮುಂದಿನ ಸಲ ಬ್ಯಾಟ್ ಹಿಡಿದಾಗ ಡಬಲ್ ಪ್ಲೇ ಆಯಿತು, ಅಂದರೆ ಇಬ್ಬರು ಔಟ್.

ಇದನ್ನು ಅದೃಷ್ಟ ಅಂತ ತಳ್ಳಿಹಾಕುವವರನ್ನು ನಾನು ಒಪ್ಪಲ್ಲ. ಚೆಂಡು ಕೈಗೆ ಬಂದದ್ದು ಅದೃಷ್ಟ ಇರಬಹುದು. ಆದರೆ ಮಿಲ್ಲರ್‌ನನ್ನು ಕಂಡ ಕ್ಷಣ ಎಸೆಯುವ ಕೈಯನ್ನು ತಡೆದದ್ದು ಆಟಗಾರನ ತಲೆ.

ನನಗೆ ಆ ಪಂದ್ಯ ಇಷ್ಟು ಹತ್ತಿರವಾಗಲು ಇನ್ನೊಂದು ಕಾರಣವಿದೆ. ವಾಂಬ್ಸ್‌ಗ್ಯಾನ್ಸ್ ಪಕ್ಕದಲ್ಲಿ ವರ್ಷಗಟ್ಟಲೆ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್‌ಗಳ ನಡುವಿನ ಫೀಲ್ಡರ್) ಆಗಿ ಆಡಿದ ರೇ ಚ್ಯಾಪ್‌ಮನ್ ಅಲ್ಲಿರಲಿಲ್ಲ. ಅದೇ ವರ್ಷದ ಆಗಸ್ಟ್ 16ರಂದು ನ್ಯೂಯಾರ್ಕ್‌ನಲ್ಲಿ ಕಾರ್ಲ್ ಮೇಸ್ ಎಸೆದ ಚೆಂಡು ಅವನ ತಲೆಗೆ ಬಡಿದಿತ್ತು, ಮರುದಿನ ತೀರಿಕೊಂಡ. ಆಗ ಯಾರೂ ಹೆಲ್ಮೆಟ್ ಹಾಕುತ್ತಿರಲಿಲ್ಲ. ಆ ದುಃಖ ಹೊತ್ತೇ ಆಡಿದ ತಂಡ ಸೀರೀಸನ್ನು 5-2ರಿಂದ ಗೆದ್ದಿತು. ಪಕ್ಕದಲ್ಲಿ ಗೆಳೆಯನಿಲ್ಲದ ಆ ಮೈದಾನದಲ್ಲಿ ವಾಂಬ್ಸ್‌ಗ್ಯಾನ್ಸ್ ಹೇಗೆ ನಿಂತನೋ ಅಂತ ಎಷ್ಟೋ ಸಲ ಯೋಚಿಸಿದ್ದೇನೆ.

ವರ್ಲ್ಡ್ ಸೀರೀಸ್‌ನ ಎರಡನೇ ಟ್ರಿಪಲ್ ಪ್ಲೇ 1992ರಲ್ಲಿ ಕೂದಲೆಳೆಯಲ್ಲಿ ತಪ್ಪಿತು. ಟೊರಾಂಟೊದಲ್ಲಿ ಡೆವನ್ ವೈಟ್ ಗೋಡೆಗೆ ಅಪ್ಪಳಿಸುತ್ತಲೇ ಕ್ಯಾಚ್ ಹಿಡಿದ. ಎದುರಾಳಿ ತಂಡದ ಟೆರ್ರಿ ಪೆಂಡಲ್‌ಟನ್ ಓಡುವ ಭರದಲ್ಲಿ ಮುಂದಿದ್ದ ತನ್ನದೇ ತಂಡದ ರನ್ನರ್‌ನನ್ನು ದಾಟಿ ಔಟಾದ. ಆ ರನ್ನರ್ ಡಿಯಾನ್ ಸ್ಯಾಂಡರ್ಸ್. ಅವನ ಹಿಮ್ಮಡಿಗೆ ಟೊರಾಂಟೊದ ಕೆಲ್ಲಿ ಗ್ರೂಬರ್ ಚಾಚಿ ಬಿದ್ದು ಚೆಂಡು ತಾಗಿಸಿದ. ಅಂಪೈರ್ ಬಾಬ್ ಡೇವಿಡ್‌ಸನ್ 'ಸೇಫ್' ಅಂದುಬಿಟ್ಟರು, ಆಮೇಲೆ ತಪ್ಪೊಪ್ಪಿಕೊಂಡರು. ದಾಖಲೆಯಲ್ಲಿ ಉಳಿದದ್ದು ಡಬಲ್ ಪ್ಲೇ. ಆ ವಿಡಿಯೊ ಹುಡುಕಿ ನೋಡು, ಹಿಮ್ಮಡಿಯ ಮೇಲೇ ಕಣ್ಣಿಡು. ನಿನಗೇನು ಕಂಡಿತು ಅಂತ ಬರಿ.

ಇಂತಿ ನಿನ್ನ,
ಸುಧೀ