ಹಾಲು ಬಿಡಿಸಿದ ಹಂದಿಮರಿಗಳಿಗೆ ಸಿಹಿ ಫೀಡ್

ಬದಿಯಡ್ಕ, ಪೆರ್ಲ ಕಡೆ ಹಂದಿ ಸಾಕುವವರು ದಯವಿಟ್ಟು ಓದಿ. ಮಳೆ ಶುರುವಾಗಿದೆ, ಮರಿ ಬೇರೆ ಮಾಡುವವರೂ ಇದ್ದೀರಿ ಅಲ್ವಾ?

ತಾಯಿಯನ್ನು ಬಿಟ್ಟ ಮೊದಲ ಒಂದೆರಡು ದಿನ ಹೆಚ್ಚಿನ ಮರಿಗಳು ಸರಿಯಾಗಿ ತಿನ್ನುವುದಿಲ್ಲ. ಹೊಟ್ಟೆ ಖಾಲಿ ಬಿದ್ದರೆ ಕರುಳಿನ ಒಳಪದರ ಸವೆಯುತ್ತದೆ. ಆಮೇಲೆ ಹಸಿದು ಒಮ್ಮೆಲೇ ಜಾಸ್ತಿ ತಿಂದು ಭೇದಿ ಹಿಡಿಸಿಕೊಳ್ಳುತ್ತವೆ. ಮರಿ ಬೇಗ ತಿನ್ನಲು ಶುರು ಮಾಡಲಿ ಅಂತ ಫೀಡಿಗೆ ಹಾಕುವ ಸಿಹಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸಕ್ಕರೆ ಎಂದರೆ ಹಂದಿಗೆ ಇಷ್ಟ. ಆದರೆ ನಮಗೆ ಸಿಹಿಯಾದದ್ದೆಲ್ಲ ಅದಕ್ಕೆ ಸಿಹಿಯಲ್ಲ. ಆಸ್ಪಾರ್ಟೇಮ್, ಸೈಕ್ಲಮೇಟ್ ಎಂಬ ಕೃತಕ ಸಿಹಿಗಳು ಅದರ ನಾಲಿಗೆಗೆ ಗೊತ್ತೇ ಆಗುವುದಿಲ್ಲ, ಸುಮ್ನೆ ದುಡ್ಡು ದಂಡ. ಇನ್ನೊಂದು ಕೃತಕ ಸಿಹಿ ಸ್ಯಾಕರಿನ್ ಗೊತ್ತಾಗುತ್ತದೆ, ಜಾಸ್ತಿಯಾದರೆ ಕಹಿ. ಫೀಡ್ ಚೀಲದ ಲೇಬಲ್ ಓದಿಯೇ ತನ್ನಿ.

ತಾಯಿ ಜೊತೆ ಇರುವಾಗಲೇ ಅದೇ ಫೀಡನ್ನು ಚಪ್ಪಟೆ ತಟ್ಟೆಯಲ್ಲಿ ಸ್ವಲ್ಪ ಇಟ್ಟು ರುಚಿ ಹಿಡಿಸಿ. ಒಂದು ಮರಿ ಮೂತಿ ಹಾಕಿದರೆ ಪಕ್ಕದ್ದೂ ನುಗ್ಗುತ್ತದೆ. ಈ ತೇವದಲ್ಲಿ ಉಳಿದದ್ದು ಬೇಗ ಬೂಸ್ಟು ಹಿಡಿಯುತ್ತದೆ, ತೆಗೆದು ಬಿಸಾಡಿ. ನೀರಿನ ನಿಪ್ಪಲ್ (ಮರಿ ಬಾಯಿಟ್ಟು ನೀರು ಕುಡಿಯುವ ನಳಿಕೆ) ಮರಿಗೆ ಎಟುಕುತ್ತದಾ ನೋಡಿ. ನೀರು ಸಿಗದ ಮರಿ ಎಷ್ಟು ಸಿಹಿ ಹಾಕಿದರೂ ತಿನ್ನುವುದಿಲ್ಲ.

ಮರುದಿನವೂ ಪಕ್ಕೆ ಒಳಗೆ ಹೋಗಿರುವ ಮರಿ ಕಂಡರೆ ಬೇರೆ ಇಡಿ. ಫೀಡನ್ನು ಉಗುರುಬೆಚ್ಚಗಿನ ನೀರಲ್ಲಿ ಗಂಜಿ ಹಾಗೆ ಕಲಸಿ, ಸ್ವಲ್ಪ ಸ್ವಲ್ಪ, ದಿನಕ್ಕೆ ನಾಲ್ಕೈದು ಸಲ ಕೊಡಿ.