ಗೌಂಡಿ ಕಾಕಾಗೆ ಶರಣು

ಕಲಬುರಗಿಯ 55 ವಾರ್ಡುಗಳಲ್ಲಿ ನಮ್ಮದೂ ಒಂದು, ಅದರೊಳಗೆ ನಮ್ಮ ಓಣಿ ಇಷ್ಟೇ ಇಷ್ಟು. ಓಣಿಗೆ ಏನು ಬೇಕು ಅಂತ ನಾವೇ ಕೂತು ಬರೆದ ಯೋಜನೆ ಸೋಮವಾರ ವಾರ್ಡ್ ಸಮಿತಿಯ ಕೈ ಸೇರಿತು. ಎಂಟು ತಿಂಗಳು ಏನೇನಾಯ್ತು ಅಂತ ನಿಮಗೆಲ್ಲ ಗೊತ್ತೇ ಇದೆ. ಉಳಿದಿರೋದು ಋಣದ ಮಾತು.

ಜುಲೈನ ಆ ಮಳೆ ರಾತ್ರಿ ಗಟಾರದ ನೀರು ಕೆಳಗಿನ ಸಾಲಿನ ಮನೆಗಳಿಗೆ ನುಗ್ಗಿತು. ಜೋಳದ ಚೀಲಗಳು ತೊಯ್ದವು. 'ನಿನ್ನ ಕಾಗದದಿಂದ ಈ ನೀರು ಹೊರಗ ಹಾಕವ್ವ' ಅಂದರು ಯಾರೋ. ಏನು ಹೇಳಲಿ? ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಮನೆ ಕಟ್ಟೋ ಕೆಲಸದ ನಮ್ಮ ಗೌಂಡಿ ಕಾಕಾ ಸಮಾಧಾನ ಹೇಳಲಿಲ್ಲ. 'ಏಳು, ಬ್ಯಾಟರಿ ಹಿಡಿ. ನೀರು ಇಳಿದ ಮ್ಯಾಲ ಏನೂ ಗೊತ್ತಾಗಂಗಿಲ್ಲ' ಅಂದರು. ನಸುಕಿನ ನಾಲ್ಕರವರೆಗೆ ಮನೆ ಮನೆ ತಿರುಗಿ, ನೀರು ನಿಂತಷ್ಟು ಎತ್ತರಕ್ಕೆ ಇಟ್ಟಂಗಿ ಚೂರಿನಿಂದ ಗೋಡೆಗೆ ಕೆಂಪು ಗೆರೆ ಎಳೆದರು.

ಮಳೆ ನಿಂತ ಮೇಲೆ ಲೆವೆಲ್ ಪೈಪು ತಂದರು. ನೀರು ತುಂಬಿದ ಪಾರದರ್ಶಕ ಪೈಪು ಅದು. ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಅವರ ಕೈಯಲ್ಲಿ. ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದಲ್ವಾ, ಅಲ್ಲಿಂದ ಕೆಳಕ್ಕೆ ಟೇಪು ಬಿಟ್ಟು ಅಳೆದೆವು. ಗಟಾರದ ತಳ ನಮ್ಮ ಓಣಿಯಲ್ಲಿಗಿಂತ ದೊಡ್ಡ ನಾಲಾ ಸೇರುವ ಕಡೆ ನಾಲ್ಕು ಬೆರಳು ಎತ್ತರ ಇತ್ತು! ನೀರು ಹೋಗೋದಾದರೂ ಎಲ್ಲಿಗೆ? ಹಳೇ ರಸ್ತೆ ಮೇಲೆಯೇ ಹೊಸ ರಸ್ತೆ ಹಾಕುತ್ತಾ ಹೋಗಿ ಹೊಸ್ತಿಲುಗಳೂ ಕೆಳಗಾಗಿದ್ದವು. ನಮ್ಮ ಪಟ್ಟಿಯಲ್ಲಿ ಸಿಸಿ (ಕಾಂಕ್ರೀಟ್) ರಸ್ತೆಯೇ ಮೊದಲನೆಯದಾಗಿತ್ತು. ಅದನ್ನು ಹೊಡೆದು ಹಾಕಿದೆವು. ಮೊದಲು ಗಟಾರದ ಇಳಿಜಾರು, ಆಮೇಲೆ ಹಳೇ ರಸ್ತೆ ಕಿತ್ತು ಹೊಸದು ಅಂತ ಬರೆದೆವು. ಎಲ್ಲರ ಸಹಿ ಮತ್ತೆ ತರಬೇಕಾಯ್ತು. ಅದಕ್ಕೂ ಕಾಕಾ ನನ್ನ ಜೊತೆ ಬಾಗಿಲು ಬಾಗಿಲಿಗೆ ಬಂದರು.

ಕಾಕಾನ ಹೆಂಡತಿ ನಮ್ಮ ಕಾಕುಗೂ ಒಂದು ಮಾತು. ಕಾಕು, ಆ ರಾತ್ರಿ ನಿಮ್ಮ ಮನೆಯಲ್ಲೂ ಮೊಣಕಾಲುದ್ದ ನೀರಿತ್ತು. ನೀವೊಬ್ಬರೇ ಬಕೆಟ್ ಹಿಡಿದು ಎತ್ತಿ ಹಾಕುತ್ತಿದ್ದಿರಿ. ಕಾಕಾ ಒಂದು ಮಾತೂ ಹೇಳಿರಲಿಲ್ಲ, ನನಗೆ ಗೊತ್ತಾಗಿದ್ದು ಬೆಳಗ್ಗೆ. ಅವರನ್ನು ನಿಮ್ಮಿಂದ ಕಸಿದುಕೊಂಡ ಹಾಗೆ ಅನ್ನಿಸುತ್ತದೆ ಈಗಲೂ. ಕ್ಷಮಿಸಿ ಅಂತ ಎದುರಿಗೆ ನಿಂತು ಹೇಳೋಕೆ ಬಾಯಿ ಬರಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

3 ಲಕ್ಷ ಜನ ದಾಟಿದ ಊರಲ್ಲಿ ವಾರ್ಡ್ ಸಮಿತಿ ಇರಲೇಬೇಕು ಅಂತ ಸಂವಿಧಾನದ 1992ರ 74ನೇ ತಿದ್ದುಪಡಿಯನ್ನು ಬಿಡಿಸಿ ಹೇಳಿದ ವಕೀಲ ಅಕ್ಕ, ಸಭೆಗೆ ಹೊಲಿಗೆ ಅಂಗಡಿ ಬಿಟ್ಟುಕೊಟ್ಟ ಖಾಲಾ, ನಲ್ಲಿಗಳನ್ನೂ ಬೀದಿ ದೀಪಗಳನ್ನೂ ಎಣಿಸಿ ಬಂದ ಮಕ್ಕಳು, ನಕಾಶೆ ಬರೆದುಕೊಟ್ಟ ಡಿಪ್ಲೊಮಾ ಹುಡುಗರು, ಮೇ ಬಿಸಿಲಲ್ಲಿ ಮಜ್ಜಿಗೆ ತಂದ ಅವ್ವಂದಿರು, ನಿಮಗೆಲ್ಲ ಮನಸಾರೆ ಶರಣು.

ಕೆಲಸ ಇನ್ನೂ ಶುರುವಾಗಿಲ್ಲ. ಸಮಿತಿಯವರು ನೋಡೋಕೆ ಬರುತ್ತಾರಂತೆ. ಅದಕ್ಕೇ ಒಂದು ಮಾತು ಕೇಳುತ್ತೇನೆ: ದೀಪಾವಳಿಗೆ ಸುಣ್ಣ ಹೊಡೆಯುವಾಗ ಕಾಕಾ ಎಳೆದ ಆ ಕೆಂಪು ಗೆರೆಯನ್ನು ಬಿಟ್ಟು ಹೊಡೆಯಿರಿ.